ಡೊಮಿನಿಕಾದಲ್ಲಿ ಹಡಗು ನಿಂತ ದಿನ: ಕಾಡು, ಜಲಪಾತ, ಹವಳದ ದಂಡೆ ನೋಡಿ ಹೊತ್ತಿಗೆ ಸರಿಯಾಗಿ ಮರಳುವ ಸಮಗ್ರ ಮಾರ್ಗದರ್ಶಿ

ಕ್ರೂಸ್ ಹಡಗು ಕೆರಿಬಿಯನ್ ದ್ವೀಪರಾಷ್ಟ್ರ ಡೊಮಿನಿಕಾದ ರಾಜಧಾನಿ ರೋಸೋ ಪಟ್ಟಣದ ಎದುರು ಎಂಟೊಂಬತ್ತು ಗಂಟೆ ನಿಲ್ಲುತ್ತದೆ. ಆದರೂ ಇಳಿದವರಲ್ಲಿ ಬಹಳಷ್ಟು ಮಂದಿ ನೋಡಿ ಬರುವುದು ವ್ಯಾನಿನ ಕಿಟಕಿಯಾಚೆಯ ತಿರುವುಗಳನ್ನಷ್ಟೇ. ಐದು ಜಾಗಗಳ ಪಟ್ಟಿ ಹಿಡಿದು ಹೊರಡುತ್ತಾರೆ. ಮೂರನೆಯದನ್ನು ಮುಟ್ಟುವಷ್ಟರಲ್ಲಿ ಮಳೆ ಹಿಡಿಯುತ್ತದೆ, ಚಾಲಕ ಗಡಿಯಾರ ನೋಡತೊಡಗುತ್ತಾನೆ, ಮನೆಯವರು ಒಬ್ಬರ ಮೇಲೊಬ್ಬರು ಸಿಡುಕುತ್ತಾರೆ. ತಪ್ಪು ದ್ವೀಪದ್ದಲ್ಲ, ಯೋಜನೆಯ ಕ್ರಮದ್ದು. ಜಾಗಗಳನ್ನು ಮೊದಲು ಆರಿಸಿ ಸಮಯವನ್ನು ಆಮೇಲೆ ಹೊಂದಿಸುವವರಿಗೆಲ್ಲ ಹೀಗಾಗುತ್ತದೆ. ಸಮಯವನ್ನು ಹಿಂದಿನಿಂದ ಎಣಿಸಿ, ಉಳಿದ ಗಂಟೆಗಳಲ್ಲಿ ಹಿಡಿಸುವಷ್ಟನ್ನೇ ಆರಿಸಿದರೆ ಎರಡು ಜಾಗಗಳನ್ನು ನೆಮ್ಮದಿಯಾಗಿ ನೋಡಬಹುದು.

ಮೊದಲೇ ಒಂದು ಎಚ್ಚರಿಕೆ: ಇದು ಡೊಮಿನಿಕನ್ ರಿಪಬ್ಲಿಕ್ ಅಲ್ಲ. ಗ್ವಾಡೆಲೂಪ್ ಮತ್ತು ಮಾರ್ಟಿನೀಕ್ ದ್ವೀಪಗಳ ನಡುವೆ ಇರುವ, ಇಂಗ್ಲಿಷ್ ಆಡಳಿತ ಭಾಷೆಯಾಗಿರುವ ಬೇರೆಯೇ ದೇಶ. ಅಂತರ್ಜಾಲದಲ್ಲಿ ಹುಡುಕಿ ಮುಂಗಡ ಕೊಡುವ ಅವಸರದಲ್ಲಿ ಬೇರೆ ದೇಶದ ಪ್ರವಾಸವನ್ನು ಕೊಂಡುಕೊಳ್ಳುವವರಿದ್ದಾರೆ. ಹಣ ಕಟ್ಟುವ ಮೊದಲು ಪುಟದಲ್ಲಿ ‘ರೋಸೋ’ ಅಥವಾ ‘ಪೋರ್ಟ್ಸ್‌ಮತ್’ ಎಂಬ ಊರಿನ ಹೆಸರಿದೆಯೇ ನೋಡಿ.

ಹಂತ 1: ಹಡಗು ಎಲ್ಲಿ ನಿಲ್ಲುತ್ತದೆ, ಯಾವ ಕಾಗದಪತ್ರ ಬೇಕು

ಡೊಮಿನಿಕಾದಲ್ಲಿ ಕ್ರೂಸ್ ಹಡಗುಗಳು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಹೆಚ್ಚಿನವು ರೋಸೋ ಪೇಟೆಯ ಎದುರಿನ ಜೆಟ್ಟಿಗೆ ಬರುತ್ತವೆ. ಇಳಿದರೆ ನೇರವಾಗಿ ಬೀದಿಯಲ್ಲಿರುತ್ತೀರಿ. ಒಂದಕ್ಕಿಂತ ಹೆಚ್ಚು ಹಡಗು ಬಂದ ದಿನ ಕೆಲವನ್ನು ಪಟ್ಟಣದ ಉತ್ತರಕ್ಕಿರುವ ವುಡ್‌ಬ್ರಿಜ್ ಬೇ ಬಂದರಿಗೆ ಕಳಿಸುತ್ತಾರೆ. ಅಲ್ಲಿಂದ ಪೇಟೆಗೆ ವಾಹನ ಬೇಕು. ಅಪರೂಪಕ್ಕೆ ಹಡಗು ದ್ವೀಪದ ಉತ್ತರ ತುದಿಯ ಪೋರ್ಟ್ಸ್‌ಮತ್ ಬಳಿ, ಕ್ಯಾಬ್ರಿಟ್ಸ್ ಜೆಟ್ಟಿಯಲ್ಲಿ ನಿಲ್ಲುತ್ತದೆ. ಹಾಗಾದರೆ ಇಡೀ ಯೋಜನೆಯೇ ಬದಲಾಗಬೇಕು, ಏಕೆಂದರೆ ಅಲ್ಲಿಂದ ರೋಸೋಗೆ ಗಂಟೆಗೂ ಮೀರಿದ ದಾರಿ. ಹಡಗಿನ ಕಂಪನಿಯ ವೇಳಾಪಟ್ಟಿಯಲ್ಲಿ ಬರಿಯ ‘ಡೊಮಿನಿಕಾ’ ಎಂದಿದ್ದರೆ ಜೆಟ್ಟಿ ಯಾವುದೆಂದು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ.

ಅದೇ ದಿನ ಬೇರೆ ಯಾವ ಹಡಗುಗಳು ಬರುತ್ತವೆ ಎಂಬುದನ್ನೂ ಬಂದರಿನ ಕ್ರೂಸ್ ವೇಳಾಪಟ್ಟಿಯಲ್ಲಿ ನೋಡಿ. ಎರಡು ದೊಡ್ಡ ಹಡಗು ಬಂದರೆ ಸಣ್ಣ ಕೊಳದ ಸುತ್ತ ಜಾತ್ರೆಯೇ ನೆರೆಯುತ್ತದೆ. ಮೂರನೇ ಹಂತದ ಆಯ್ಕೆಗೆ ಈ ಮಾಹಿತಿ ಬೇಕು.

ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕ್ರೂಸ್‌ಗೆ ಕರೆದೊಯ್ಯುವುದು ಈಗ ಸಾಮಾನ್ಯ. ಮಯಾಮಿ, ಫೋರ್ಟ್ ಲಾಡರ್‌ಡೇಲ್ ಅಥವಾ ಅಮೆರಿಕಕ್ಕೆ ಸೇರಿದ ಪೋರ್ಟೊ ರಿಕೊದ ಸಾನ್ ಹ್ವಾನ್‌ನಿಂದ ಹೊರಟು ಅಲ್ಲಿಗೇ ಮರಳುವ ಹಡಗಾದರೆ ಭಾರತೀಯ ಪಾಸ್‌ಪೋರ್ಟ್ ಇರುವವರು ಅಮೆರಿಕವನ್ನು ಮತ್ತೊಮ್ಮೆ ಪ್ರವೇಶಿಸಿದಂತೆಯೇ ಲೆಕ್ಕ. ಗ್ರೀನ್ ಕಾರ್ಡ್ ಇಲ್ಲದವರ ಕೈಯಲ್ಲಿ ಹಲವು ಬಾರಿ ಪ್ರವೇಶಕ್ಕೆ ಅವಕಾಶವಿರುವ, ಅವಧಿ ಮುಗಿಯದ ವೀಸಾ ಇರಬೇಕು. ಕೆಲಸದ ವೀಸಾದ ಮುದ್ರೆಯ ಅವಧಿ ಮುಗಿದಿದ್ದರೆ ಟಿಕೆಟ್ ಕೊಳ್ಳುವ ಮೊದಲೇ ವಲಸೆ ವಕೀಲರನ್ನು ಕೇಳಿ. ಹಡಗು ಮಾರ್ಟಿನೀಕ್‌ಗೋ ಗ್ವಾಡೆಲೂಪ್‌ಗೋ ಹೋಗುವುದಿದ್ದರೆ ಅವು ಫ್ರಾನ್ಸಿನ ಭಾಗ. ಯುರೋಪಿನ ಷೆಂಗೆನ್ ವೀಸಾ ಇದ್ದ ಮಾತ್ರಕ್ಕೆ ಅಲ್ಲಿ ಸಾಲುತ್ತದೆ ಎಂದುಕೊಳ್ಳಬೇಡಿ. ದಾರಿಯ ಪ್ರತಿಯೊಂದು ದೇಶದ ನಿಯಮವನ್ನೂ ಹಡಗಿನ ಕಂಪನಿಯಿಂದ ಬೇರೆ ಬೇರೆಯಾಗಿಯೇ ಕೇಳಿ ತಿಳಿಯಿರಿ.

ಹಂತ 2: ಗಂಟೆಗಳನ್ನು ಹಿಂದಿನಿಂದ ಎಣಿಸಿ

ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ನಿಮಗೆ ಸಿಗುವುದು ಒಂಬತ್ತು ಗಂಟೆಗಳಲ್ಲ. ಎಲ್ಲರೂ ಹಡಗಿನೊಳಗೆ ಇರಬೇಕಾದ ಗಡುವು ಸಾಮಾನ್ಯವಾಗಿ ಅರ್ಧ ಗಂಟೆ ಮೊದಲೇ, ಕೆಲವೊಮ್ಮೆ ಒಂದು ಗಂಟೆ ಮೊದಲೇ ಇರುತ್ತದೆ. ಅದು 4.30 ಆದರೆ ನೀವು 3ಕ್ಕೆ ಜೆಟ್ಟಿಯ ಬಳಿ ಇರಬೇಕು. ಈ ಒಂದೂವರೆ ಗಂಟೆ ಅತಿಯಾಯಿತು ಎನಿಸಬಹುದು. ಆದರೆ ಬೆಟ್ಟದ ಒಂಟಿ ರಸ್ತೆಯಲ್ಲಿ ಮಣ್ಣು ಕುಸಿದರೆ ಬಳಸು ದಾರಿ ಇಲ್ಲದಿರಬಹುದು.

ಬೆಳಗಿನ ಕಡೆಯೂ ಕತ್ತರಿ ಹಾಕಿ. ಹಡಗು ಕಟ್ಟಿ, ಅಧಿಕಾರಿಗಳ ತಪಾಸಣೆ ಮುಗಿದು, ಲಿಫ್ಟಿನ ಸರದಿ ದಾಟಿ ನೆಲ ಮುಟ್ಟುವಾಗ 8.45 ಆಗಿರುತ್ತದೆ. ಉಳಿದದ್ದು ಆರು ಗಂಟೆ. ಅದರಲ್ಲಿ ಪ್ರಯಾಣ ಎರಡೂವರೆ ಗಂಟೆಗಿಂತ ಹೆಚ್ಚಾದರೆ ನಿಮ್ಮ ಪಟ್ಟಿ ಉದ್ದವಾಯಿತು ಎಂದರ್ಥ.

ಇಲ್ಲೇ ಹಲವರು ಎಡವುವುದು: ಹಡಗಿನ ಸಮಯವೇ ಬೇರೆ, ದ್ವೀಪದ ಸಮಯವೇ ಬೇರೆ ಆಗಿರಬಹುದು. ಡೊಮಿನಿಕಾ ವರ್ಷವಿಡೀ ಒಂದೇ ಸಮಯ ಇಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದು ಮಯಾಮಿಯ ಸಮಯವೇ, ಚಳಿಗಾಲದಲ್ಲಿ ಮಯಾಮಿಗಿಂತ ಒಂದು ಗಂಟೆ ಮುಂದೆ. ಹಡಗು ಮಯಾಮಿಯ ಗಡಿಯಾರವನ್ನೇ ಇಟ್ಟುಕೊಂಡಿದ್ದರೆ ನೀವು ಒಂಬತ್ತು ಎಂದುಕೊಂಡು ಇಳಿಯುವಾಗ ಚಾಲಕನ ಪಾಲಿಗೆ ಹತ್ತಾಗಿರುತ್ತದೆ, ಆತ ಬೇರೆಯವರನ್ನು ಹತ್ತಿಸಿಕೊಂಡು ಹೋಗಿರುತ್ತಾನೆ. ಜಮೈಕಾದಲ್ಲಿ ಬೇಸಿಗೆಯ ಹೊತ್ತು ಇದಕ್ಕೆ ತದ್ವಿರುದ್ಧ: ದ್ವೀಪ ಒಂದು ಗಂಟೆ ಹಿಂದಿರುತ್ತದೆ, ಅಲ್ಲಿ ತಪ್ಪುವುದು ಹಡಗೇ. ಮೊಬೈಲ್ ದಡದ ಗೋಪುರ ಹಿಡಿದು ತಾನಾಗಿ ಸಮಯ ಬದಲಿಸುವುದರಿಂದ ಅದನ್ನು ನಂಬಬೇಡಿ. ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಇಟ್ಟು, ಎರಡರ ನಡುವಿನ ಅಂತರವನ್ನು ಹಿಂದಿನ ರಾತ್ರಿಯೇ ಸ್ವಾಗತ ಕೌಂಟರ್‌ನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಹಂತ 3: ಜಾಗಗಳನ್ನು ಆರಿಸುವುದು

ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು ಯಾರು, ಈಜು ಬಾರದವರು ಯಾರು ಎಂದು ಮೊದಲು ಕೇಳಿಕೊಳ್ಳಿ. ಆಯ್ಕೆ ಅವರಿಂದ ಶುರುವಾಗಬೇಕು.

*ಟ್ರಫಾಲ್ಗರ್ ಜಲಪಾತ.* ರೋಸೋದಿಂದ ಅರ್ಧ ಗಂಟೆಯೊಳಗಿನ ದಾರಿ. ಅಕ್ಕಪಕ್ಕ ಎರಡು ಧಾರೆ. ಎತ್ತರದ್ದನ್ನು ಅಪ್ಪ, ಗಿಡ್ಡದ್ದನ್ನು ಅಮ್ಮ ಎಂದು ಅಲ್ಲಿಯವರು ಕರೆಯುತ್ತಾರೆ. ವಾಹನ ನಿಲ್ಲುವಲ್ಲಿಂದ ವೀಕ್ಷಣಾ ಕಟ್ಟೆಗೆ ಹತ್ತು ಹದಿನೈದು ನಿಮಿಷದ ಕಾಲುದಾರಿ. ವಯಸ್ಸಾದವರೂ ನಿಧಾನಕ್ಕೆ ಹೋಗಬಹುದು. ಕಟ್ಟೆಯಿಂದಾಚೆಗೆ ಬಂಡೆ ಹತ್ತಿ ಬುಡಕ್ಕೆ ಹೋಗುವುದು ಬೇರೆಯೇ ಲೆಕ್ಕ; ಒದ್ದೆ ಬಂಡೆಯಲ್ಲಿ ಮೂಳೆ ಮುರಿದುಕೊಳ್ಳುವುದು ಸುಲಭ.

*ಎಮರಾಲ್ಡ್ ಪೂಲ್.* ದ್ವೀಪದ ನಡುವೆ, ರೋಸೋದಿಂದ ಸುಮಾರು ಮುಕ್ಕಾಲು ಗಂಟೆ. ಮಳೆಕಾಡಿನೊಳಗೆ ಸಣ್ಣ ಸುತ್ತುದಾರಿ, ಕೊನೆಗೆ ಪುಟ್ಟ ಜಲಪಾತ ಬೀಳುವ ಹಸಿರು ಕೊಳ. ಜಾಗ ಚಿಕ್ಕದು, ಹಡಗಿನ ಬಸ್ಸುಗಳು ಬಂದಮೇಲೆ ಅಲ್ಲಿ ಕಾಣುವುದು ಜನರ ಬೆನ್ನು ಮಾತ್ರ. ಮೊದಲ ವಾಹನದಲ್ಲಿ ಹೋಗುವುದಾದರೆ ಹೋಗಿ, ಇಲ್ಲವಾದರೆ ಬಿಡಿ.

*ಟಿಟೂ ಗಾರ್ಜ್ ಮತ್ತು ಫ್ರೆಶ್‌ವಾಟರ್ ಲೇಕ್.* ಎರಡೂ ಲೌಡಾ ಹಳ್ಳಿಯ ಕಡೆ. ಟಿಟೂ ಎಂದರೆ ಇಕ್ಕಟ್ಟಾದ ಕಲ್ಲಿನ ಕೊರಕಲು. ತಣ್ಣನೆಯ ನೀರಿನಲ್ಲಿ ಈಜುತ್ತಾ ಒಳಗೆ ಹೋದರೆ ಜಲಪಾತ ಸಿಗುತ್ತದೆ. ಕಾಲಿಗೆ ನೆಲ ಸಿಗುವುದಿಲ್ಲ, ಲೈಫ್ ಜಾಕೆಟ್ ಬೇಕೇ ಬೇಕು. ಈಜು ಬಾರದವರಿಗೆ ಮೇಲಿನ ಸರೋವರದ ದಂಡೆಯ ನಡಿಗೆ ಸಾಕು. ಅಲ್ಲಿ ಮಂಜು, ಗಾಳಿ, ಚಳಿ ಎಲ್ಲ ಇರುತ್ತದೆ.

*ಷಾಂಪೇನ್ ರೀಫ್.* ರೋಸೋದ ದಕ್ಷಿಣಕ್ಕೆ ಕಾಲು ಗಂಟೆಯ ದಾರಿ. ಕಡಲ ತಳದ ಜ್ವಾಲಾಮುಖಿ ಬಿರುಕುಗಳಿಂದ ಬೆಚ್ಚಗಿನ ಗುಳ್ಳೆಗಳು ಸಾಲುಸಾಲಾಗಿ ಏಳುವ ಜಾಗ. ಸ್ನಾರ್ಕೆಲಿಂಗ್‌ಗೆ (ಕಣ್ಣಿಗೆ ಮುಖವಾಡ, ಬಾಯಿಗೆ ಉಸಿರಿನ ಕೊಳವೆ ತೊಟ್ಟು ತೇಲುತ್ತಾ ನೀರೊಳಗೆ ನೋಡುವುದು) ಇದೇ ನನ್ನ ಮೊದಲ ಆಯ್ಕೆ. ದಂಡೆಯಲ್ಲಿ ಮರಳಿಲ್ಲ, ಉರುಟು ಕಲ್ಲುಗಳಿವೆ. ನೀರಿನ ಪಾದರಕ್ಷೆ ಇಲ್ಲದೆ ಇಳಿಯಬೇಡಿ.

*ತಿಮಿಂಗಿಲ ವೀಕ್ಷಣೆ.* ಈ ತೀರದಾಚೆಯ ಆಳದಲ್ಲಿ ಸ್ಪರ್ಮ್ ತಿಮಿಂಗಿಲಗಳು ವರ್ಷವಿಡೀ ಇರುತ್ತವೆ. ಅವುಗಳಿಗಾಗಿ ಸಂರಕ್ಷಿತ ಪ್ರದೇಶವನ್ನು ಸರ್ಕಾರ 2023ರಲ್ಲಿ ಘೋಷಿಸಿತು. ನೀರೊಳಗೆ ಇಳಿಸಿದ ಮೈಕಿನಲ್ಲಿ ಅವುಗಳ ಟಕಟಕ ಸದ್ದು ಕೇಳುತ್ತಾ ದೋಣಿ ಹುಡುಕುತ್ತದೆ. ಇದು ಅರ್ಧ ದಿನದ ಕೆಲಸ. ಜತೆಗೆ ಜಲಪಾತ ಸೇರಿಸಬೇಡಿ. ಪರವಾನಗಿ ಇಲ್ಲದೆ ‘ತಿಮಿಂಗಿಲದ ಜತೆ ಈಜಿಸುತ್ತೇನೆ’ ಎನ್ನುವವನಿಂದ ದೂರವಿರಿ.

*ಇಂಡಿಯನ್ ರಿವರ್.* ಕ್ಯಾಬ್ರಿಟ್ಸ್‌ನಲ್ಲಿ ಇಳಿದವರಿಗೆ ಮಾತ್ರ. ಮೋಟಾರು ನಿಷಿದ್ಧ, ಹುಟ್ಟು ಹಾಕುವ ದೋಣಿಯಲ್ಲಿ, ಬೇರುಗಳು ನೀರಿಗೆ ಚಾಚಿದ ಮರಗಳ ನಡುವೆ ಪ್ರಯಾಣ.

ಇನ್ನು ಎಲ್ಲರೂ ಕೇಳುವ ಬಾಯ್ಲಿಂಗ್ ಲೇಕ್. ಲೌಡಾದಿಂದ ಹೋಗಿಬರಲು ಸುಮಾರು 13 ಕಿಲೋಮೀಟರ್, ಆರು ಗಂಟೆಗೂ ಹೆಚ್ಚು, ಕಡಿದಾದ ಕೆಸರು ಮೆಟ್ಟಿಲು, ಹಬೆಯುಗುಳುವ ಕಣಿವೆ. ಮಾರ್ನ್ ಟ್ರ್ವಾ ಪಿಟೋನ್ ರಾಷ್ಟ್ರೀಯ ಉದ್ಯಾನ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದರಲ್ಲಿ ಈ ಕುದಿಯುವ ಸರೋವರದ ಪಾಲೂ ಇದೆ. ಆದರೂ ಹಡಗಿನಿಂದ ಇಳಿದವರಿಗೆ ಇದು ಬೇಡ. ‘ಬೇಗ ನಡೆದರೆ ಆಗುತ್ತದೆ’ ಎನ್ನುವ ಮಾರ್ಗದರ್ಶಿ ಸಿಕ್ಕರೂ ಬೇಡ. ಅದಕ್ಕಾಗಿ ಇನ್ನೊಮ್ಮೆ ವಿಮಾನದಲ್ಲಿ ಬಂದು ತಂಗಿ.

ಹಂತ 4: ದೂರದ್ದು ಮೊದಲು, ಹತ್ತಿರದ್ದು ಕೊನೆಗೆ

ಮಧ್ಯಾಹ್ನ ಕಳೆದಂತೆ ನೀವು ಹಡಗಿಗೆ ಹತ್ತಿರವಾಗುತ್ತಿರಬೇಕು. ಎಮರಾಲ್ಡ್ ಪೂಲ್ ಮತ್ತು ಟ್ರಫಾಲ್ಗರ್ ಆರಿಸಿದ್ದರೆ ಎಮರಾಲ್ಡ್ ಪೂಲ್ ಮೊದಲು. 8.45ಕ್ಕೆ ಹೊರಟರೆ 9.30ಕ್ಕೆ ತಲುಪಿ, 10.30ಕ್ಕೆ ಬಿಟ್ಟು, 11.30ರ ಹೊತ್ತಿಗೆ ಟ್ರಫಾಲ್ಗರ್. ಅಲ್ಲಿಂದ 12.45ಕ್ಕೆ ಹೊರಟು ಪಕ್ಕದ ವಾಟನ್ ವೇವನ್ ಹಳ್ಳಿಯ ಗಂಧಕದ ಬಿಸಿನೀರಿನ ತೊಟ್ಟಿಯಲ್ಲಿ ಕಾಲಿಳಿಬಿಟ್ಟು ಕುಳಿತು, 2.30ಕ್ಕೆ ರೋಸೋ. ತಡವಾದರೆ ಕೈಬಿಡಬೇಕಾದ್ದು ಕೊನೆಯ ಬಿಸಿನೀರು ಮಾತ್ರ. ಅದನ್ನು ಪಟ್ಟಿಯಲ್ಲಿ ಇಟ್ಟದ್ದೇ ಅದಕ್ಕಾಗಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಆ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಮುಳುಗಿರಬಾರದು.

ಕಡಲು ಮತ್ತು ಕಾಡು ಎರಡೂ ಬೇಕೆಂದರೆ ಲೌಡಾ ಅಥವಾ ಟ್ರಫಾಲ್ಗರ್ ಬೆಳಿಗ್ಗೆ, ಷಾಂಪೇನ್ ರೀಫ್ ಆಮೇಲೆ. ಕಾಡಿನಲ್ಲಿ ಮೆತ್ತಿದ ಕೆಸರೂ ಕಡಲಿನಲ್ಲಿ ತೊಳೆದುಹೋಗುತ್ತದೆ.

ಹಂತ 5: ಹಡಗಿನ ಪ್ರವಾಸವೋ, ಸ್ವಂತ ವಾಹನವೋ

ಹಡಗಿನವರೇ ಮಾರುವ ಪ್ರವಾಸ ದುಬಾರಿ, ಗುಂಪು ದೊಡ್ಡದು. ಆದರೆ ಅದು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ಸ್ವಂತವಾಗಿ ಹೋದವರಿಗಾಗಿ ಹಡಗು ನಿಲ್ಲುವುದಿಲ್ಲ. ತಿಮಿಂಗಿಲ ವೀಕ್ಷಣೆಗೆ, ದೂರದ ಜಾಗಗಳಿಗೆ ಹಡಗಿನ ಪ್ರವಾಸ ತೆಗೆದುಕೊಳ್ಳಿ. ಟ್ರಫಾಲ್ಗರ್, ಷಾಂಪೇನ್ ರೀಫ್‌ನಂಥ ಹತ್ತಿರದ ಜಾಗಗಳಿಗೆ ನಾಲ್ಕೈದು ಮಂದಿ ಸೇರಿ ವ್ಯಾನ್ ಮಾಡಿಕೊಳ್ಳುವುದೇ ಲೇಸು. ಊರಿನ ಮಿನಿಬಸ್ಸುಗಳೂ ಉಂಟು. ಅಗ್ಗ, ಆದರೆ ತುಂಬಿದಾಗಲೇ ಹೊರಡುತ್ತವೆ. ಬಾಡಿಗೆ ಕಾರು ನಡೆಸುವ ಯೋಚನೆ ಇದ್ದರೆ, ರಸ್ತೆಯ ಎಡಬದಿಯಲ್ಲಿ ಓಡಿಸುವುದು ನಮಗೆ ಹೊಸತಲ್ಲದಿದ್ದರೂ ಆ ತಿರುವುಗಳನ್ನು ಹೊಸಬರು ಗಡಿಯಾರದ ಒತ್ತಡದಲ್ಲಿ ಕಲಿಯಬಾರದು.

ಮುಂಗಡ ಕೊಡುವ ಮೊದಲು ಇವುಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ: ಹಡಗು ಬಾರದಿದ್ದರೆ ಹಣ ಪೂರ್ತಿ ವಾಪಸ್ಸೇ? ಬೆಲೆ ತಲೆಗೋ, ವಾಹನಕ್ಕೋ? ಪ್ರವೇಶ ಚೀಟಿ, ಲೈಫ್ ಜಾಕೆಟ್ ಸೇರಿದೆಯೇ? ಗುಂಪಿನಲ್ಲಿ ಎಷ್ಟು ಮಂದಿ? ಹೊರಡುವ ಹೊತ್ತು ಹಡಗಿನ ಸಮಯದಲ್ಲೋ, ದ್ವೀಪದ ಸಮಯದಲ್ಲೋ?

ಅಪಾಯದ ಸೂಚನೆಗಳು ಸ್ಪಷ್ಟ: ಪೂರ್ತಿ ಹಣವನ್ನು ಮೊದಲೇ ವೈಯಕ್ತಿಕ ಖಾತೆಗೆ ಕಳಿಸಿ ಎನ್ನುವುದು, ಹಡಗಿನ ಹೆಸರನ್ನೇ ಕೇಳದಿರುವುದು, ಆರು ಗಂಟೆಯಲ್ಲಿ ಏಳು ಜಾಗ ತೋರಿಸುತ್ತೇನೆ ಎನ್ನುವುದು. ಜೆಟ್ಟಿಯ ಬಳಿ ವಾಹನ ಹಿಡಿಯುವವರು ಚಾಲಕನ ಗುರುತಿನ ಬಿಲ್ಲೆ ನೋಡಿ, ಬೆಲೆ ಯಾವ ಡಾಲರಿನಲ್ಲಿ ಎಂದು ಕೇಳಿ ಹತ್ತಿ. ಅಲ್ಲಿಯ ಪೂರ್ವ ಕೆರಿಬಿಯನ್ ಡಾಲರಿನ ದರ ಸ್ಥಿರ: ಒಂದು ಅಮೆರಿಕನ್ ಡಾಲರಿಗೆ 2.70. ‘ನೂರು ಡಾಲರ್’ ಎಂಬುದರ ಅರ್ಥ ಎರಡೂವರೆ ಪಟ್ಟಿಗಿಂತ ಹೆಚ್ಚು ಬದಲಾಗಬಹುದು.

ಹಂತ 6: ಚೀಲದಲ್ಲಿ ಏನಿರಬೇಕು

ಹಿಡಿತವಿರುವ, ಒದ್ದೆಯಾದರೂ ಚಿಂತೆಯಿಲ್ಲದ ಬೂಟು ಎಲ್ಲಕ್ಕಿಂತ ಮುಖ್ಯ. ರಬ್ಬರ್ ಚಪ್ಪಲಿಯಲ್ಲಿ ಬಂದವರೇ ಬೀಳುವುದು. ತೆಳುವಾದ ಮಳೆಯಂಗಿ ಇರಲಿ, ಕೊಡೆ ಬೇಡ. ನೀರು ನುಗ್ಗದ ಚೀಲ, ಒಣ ಬಟ್ಟೆ, ಕುಡಿಯುವ ನೀರು, ಸೊಳ್ಳೆ ನಿವಾರಕ (ಡೆಂಗಿ ಅಲ್ಲೂ ಉಂಟು), ನಿಮ್ಮ ಮಾತ್ರೆಗಳು, 1, 5, 10 ಅಮೆರಿಕನ್ ಡಾಲರಿನ ಸಣ್ಣ ನೋಟುಗಳು ಬೇಕು. ದೊಡ್ಡ ನೋಟು ಕೊಟ್ಟರೆ ಚಿಲ್ಲರೆ ಸ್ಥಳೀಯ ಡಾಲರಿನಲ್ಲಿ ಬರುತ್ತದೆ.

ಹಡಗಿನ ಕಾರ್ಡ್, ಫೋಟೊ ಇರುವ ಗುರುತುಚೀಟಿ, ಪಾಸ್‌ಪೋರ್ಟಿನ ಪ್ರತಿ ಜತೆಗಿರಲಿ. ಹಡಗಿನ ದಿನಪತ್ರಿಕೆಯಲ್ಲಿ ಬಂದರಿನ ಏಜೆಂಟರ (ಅಲ್ಲಿ ಹಡಗಿನ ಕಂಪನಿಯ ಪರವಾಗಿ ಕೆಲಸ ನೋಡಿಕೊಳ್ಳುವವರ) ಹೆಸರು, ಫೋನ್ ಸಂಖ್ಯೆ ಇರುತ್ತದೆ. ಆ ಪುಟದ ಫೋಟೊ ತೆಗೆದುಕೊಳ್ಳಿ. ನಕ್ಷೆಯನ್ನು ಅಂತರ್ಜಾಲವಿಲ್ಲದೆ ತೆರೆಯುವಂತೆ ಮೊದಲೇ ಇಳಿಸಿಕೊಳ್ಳಿ.

ಸೈನಿಕರ ಸಮವಸ್ತ್ರದಂಥ ಚಿತ್ತಾರದ ಬಟ್ಟೆ, ಟೋಪಿ, ಚೀಲ ಯಾವುದೂ ಬೇಡ. ಡೊಮಿನಿಕಾದಲ್ಲಿ ಸಾಮಾನ್ಯರು ಅದನ್ನು ಧರಿಸುವುದು ಕಾನೂನುಬಾಹಿರ, ಮಕ್ಕಳ ಚಡ್ಡಿಯಾದರೂ ಸರಿ.

ಸಸ್ಯಾಹಾರಿಗಳಿಗೊಂದು ಮಾತು. ಹಡಗಿನ ಊಟದ ಕಟ್ಟೆಯಿಂದ ಹಣ್ಣು, ಸ್ಯಾಂಡ್‌ವಿಚ್ ಕಟ್ಟಿಕೊಂಡು ಇಳಿಯಬೇಡಿ. ಕೃಷಿ ನಿಯಮದ ಪ್ರಕಾರ ಜೆಟ್ಟಿಯಲ್ಲೇ ಹಿಡಿಯಬಹುದು. ಮುಚ್ಚಿದ ಪೊಟ್ಟಣದ ತಿಂಡಿಗೆ ಸಾಮಾನ್ಯವಾಗಿ ತಕರಾರಿಲ್ಲ. ರಸ್ತಫಾರಿ ಪಂಥದವರ ‘ಐಟಲ್’ ಅಡುಗೆ ಸಾಮಾನ್ಯವಾಗಿ ಸಸ್ಯಾಹಾರಿ, ಕೆಲವರು ಮೀನು ಬಳಸುವುದರಿಂದ ಕೇಳಿಕೊಳ್ಳಿ. ಆ ಹೆಸರು ಹೇಳಿ ಕೇಳಿದರೆ ಚಾಲಕರು ದಾರಿ ತೋರಿಸುತ್ತಾರೆ.

ಹಂತ 7: ಆ ಬೆಳಿಗ್ಗೆ ಮೋಡ ನೋಡಿ ನಿರ್ಧರಿಸಿ

ಜೆಟ್ಟಿಯಲ್ಲಿ ಬಿಸಿಲಿದ್ದರೆ ಬೆಟ್ಟದಲ್ಲೂ ಇದೆ ಎಂದುಕೊಳ್ಳಬೇಡಿ. ಕರಾವಳಿಯಲ್ಲಿ ಬಿಸಿಲು, ಆಗುಂಬೆಯಲ್ಲಿ ಜಡಿಮಳೆ ಇರುವುದಿಲ್ಲವೇ, ಇಲ್ಲಿಯೂ ಹಾಗೆಯೇ; ಅದೂ ಅರ್ಧ ಗಂಟೆಯ ದೂರದಲ್ಲಿ. ಫೆಬ್ರುವರಿಯಿಂದ ಮೇ ತಿಂಗಳವರೆಗೆ ಮಳೆ ಕಡಿಮೆ, ಇಲ್ಲವೆಂದಲ್ಲ. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್‌ನಲ್ಲಿ ಬಂದ ಮರಿಯಾ ಈ ದ್ವೀಪದ ಕಾಡನ್ನೇ ಬೋಳುಮಾಡಿತ್ತು. ಆ ತಿಂಗಳುಗಳಲ್ಲಿ ಹಡಗು ಬಂದರನ್ನೇ ಬಿಟ್ಟು ಮುಂದೆ ಹೋಗುವ ಸಾಧ್ಯತೆ ಹೆಚ್ಚು. ಮುಂಗಡ ವಾಪಸ್ಸಿನ ಪ್ರಶ್ನೆಯನ್ನು ಮೊದಲೇ ಕೇಳಬೇಕೆಂದದ್ದು ಅದಕ್ಕೇ.

ಚಾಲಕನನ್ನು ಕೇಳಬೇಕಾದ ಪ್ರಶ್ನೆ ‘ಹೋಗಬಹುದೇ?’ ಎಂದಲ್ಲ, ಅದಕ್ಕೆ ಆತ ಹೌದೆಂದೇ ಹೇಳುತ್ತಾನೆ. ‘ರಾತ್ರಿ ಮೇಲೆ ಮಳೆಯಾಯಿತೇ? ನದಿ ಯಾವ ಬಣ್ಣದಲ್ಲಿದೆ?’ ಎಂದು ಕೇಳಿ.

ಕಾಡಿಗೆ ಹೋಗುವ ಹಾಗಿಲ್ಲವೆಂದರೆ ದಿನ ಹಾಳಾಗಬೇಕಿಲ್ಲ. ಜೆಟ್ಟಿಯಿಂದ ನಡೆದೇ ಹೋಗಬಹುದಾದ ರೋಸೋ ಸಸ್ಯೋದ್ಯಾನದಲ್ಲಿ 1979ರ ಡೇವಿಡ್ ಚಂಡಮಾರುತಕ್ಕೆ ಉರುಳಿದ ಬಾವೊಬಾಬ್ ಮರ ಈಗಲೂ ಒಂದು ಬಸ್ಸನ್ನು ಅಪ್ಪಚ್ಚಿ ಮಾಡಿಕೊಂಡು ಬಿದ್ದಿದೆ. ಅಲ್ಲಿಂದ ಜ್ಯಾಕ್ಸ್ ವಾಕ್ ಎಂಬ ಏರುದಾರಿ ಹಿಡಿದರೆ ಮಾರ್ನ್ ಬ್ರೂಸ್ ಗುಡ್ಡದ ತುದಿ. ಪಟ್ಟಣವೂ ನಿಮ್ಮ ಹಡಗೂ ಕೆಳಗೆ ಕಾಣುತ್ತವೆ. ಬಿಡುವಿನಲ್ಲಿ ಎರಡು ಗಂಟೆ ಸಾಕು.

ಹಂತ 8: ಜಾಗದಲ್ಲಿ ಇರುವಾಗ

ರಾಷ್ಟ್ರೀಯ ಉದ್ಯಾನದ ಜಾಗಗಳಿಗೆ ಪ್ರವಾಸಿಗರು ಪ್ರವೇಶ ಚೀಟಿ ಕೊಳ್ಳಬೇಕು. ಚಾಲಕನ ಬೆಲೆಯಲ್ಲಿ ಸೇರಿಲ್ಲದಿದ್ದರೆ ಅಲ್ಲೇ ನಗದು ಕೊಟ್ಟು ಪಡೆಯಿರಿ.

ಕಾಡಿನಲ್ಲಿ ಹಾವು ಕಂಡರೆ ಗಾಬರಿ ಬೇಡ, ದ್ವೀಪದಲ್ಲಿ ವಿಷದ ಹಾವುಗಳಿಲ್ಲ. ಹೆದರಬೇಕಾದ್ದು ನೀರಿಗೆ. ತಿಳಿನೀರು ಇದ್ದಕ್ಕಿದ್ದಂತೆ ಕದಡಿ ಕಂದಾದರೆ, ಎಲೆ ಕಡ್ಡಿಗಳು ತೇಲಿ ಬರತೊಡಗಿದರೆ, ಜಲಪಾತದ ಸದ್ದು ದಪ್ಪವಾದರೆ ಮೇಲೆಲ್ಲೋ ಮಳೆ ಸುರಿದಿದೆ, ನೀರು ಏರುತ್ತಿದೆ. ಫೋಟೊ, ಚಪ್ಪಲಿ ಎಲ್ಲ ಬಿಟ್ಟು ಎತ್ತರದ ದಂಡೆಗೆ ಹತ್ತಿ. ಟಿಟೂವಿನ ಕೊರಕಲಿನಲ್ಲಿ ಹತ್ತಿಕೊಳ್ಳಲು ದಂಡೆಯೇ ಇಲ್ಲ. ಆದ್ದರಿಂದ ಮೇಲೆ ಮೋಡ ಕಪ್ಪಾಗಿದ್ದರೆ ಒಳಗೆ ಹೋಗಲೇಬಾರದು. ಗಾಯವಿರುವ ಕಾಲನ್ನು ನದಿ ನೀರಿಗೆ ಇಳಿಸಬೇಡಿ, ಇಲಿಜ್ವರದ ಅಪಾಯವಿದೆ.

ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ. ಹವಳಕ್ಕೂ ಕೇಡು, ನಿಮ್ಮ ಕಾಲಿಗೂ ಕೇಡು. ಬೀಸಣಿಗೆಯಂಥ ರೆಕ್ಕೆಯ ಪಟ್ಟೆ ಪಟ್ಟೆ ಮೀನು ಕಂಡರೆ ಅದು ಲಯನ್‌ಫಿಶ್, ಮುಳ್ಳಿನಲ್ಲಿ ವಿಷವಿದೆ. ಬಿಸಿಲಿನ ಕ್ರೀಮ್ ಬದಲು ಉದ್ದ ತೋಳಿನ ಈಜಂಗಿ ತೊಡುವುದು ಎಲ್ಲಕ್ಕಿಂತ ಸರಳ ಉಪಾಯ.

ಒಣ ಕರಾವಳಿಯಲ್ಲಿ, ಮುಖ್ಯವಾಗಿ ಉತ್ತರದ ದಂಡೆಗಳಲ್ಲಿ, ಸಣ್ಣ ಹಸಿರು ಸೇಬಿನಂಥ ಕಾಯಿ ಬಿಡುವ ಮ್ಯಾಂಚಿನೀಲ್ ಮರಗಳಿವೆ. ಕಾಯಿ ವಿಷ, ಹಾಲಿನಂಥ ಸೊನೆ ತಾಗಿದರೆ ಚರ್ಮ ಬೊಬ್ಬೆಯೇಳುತ್ತದೆ. ಮಳೆ ಬಂದಾಗ ಅದರ ಅಡಿಯಲ್ಲಿ ನಿಂತರೂ ಸಾಕು, ಎಲೆಯಿಂದ ತೊಟ್ಟಿಕ್ಕುವ ನೀರೇ ಸುಡುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ.

ಹಂತ 9: ಮರಳುವುದು, ಮರಳಲಾಗದಿದ್ದರೆ

ಹಿಂತಿರುಗುವ ಹೊತ್ತು ನಿಗದಿ ಮಾಡಿದ ಮೇಲೆ ‘ಇನ್ನು ಹತ್ತು ನಿಮಿಷ’ ಎನ್ನುವವರ ಮಾತಿಗೆ ಬಗ್ಗಬೇಡಿ. ಕಪ್ಪೆಚಿಪ್ಪು, ಹವಳದ ತುಂಡು, ಬೀಜ, ಗಿಡ ಹಡಗಿಗೆ ತರಬೇಡಿ. ಬೂಟಿನ ಕೆಸರನ್ನು ದಡದಲ್ಲೇ ತೊಳೆಯಿರಿ.

ದಾರಿಯಲ್ಲಿ ವಾಹನ ಕೆಟ್ಟು ಗಡುವು ತಪ್ಪುತ್ತದೆ ಎನಿಸಿದರೆ ತಪ್ಪುವ ತನಕ ಕಾಯದೆ ಆಗಲೇ ಏಜೆಂಟರಿಗೆ ಫೋನ್ ಮಾಡಿ: ಹಡಗಿನ ಹೆಸರು, ಕೋಣೆಯ ಸಂಖ್ಯೆ, ಎಷ್ಟು ಮಂದಿ, ಎಲ್ಲಿದ್ದೀರಿ. ಸಾಲುಸಾಲು ವಾಹನಗಳು ಬರುತ್ತಿದ್ದರೆ ಹಡಗಿನ ಪ್ರವಾಸದ ಬಸ್ಸನ್ನು ಕೈಮಾಡಿ ನಿಲ್ಲಿಸಿ ಕೇಳುವುದರಲ್ಲಿ ನಾಚಿಕೆಯಿಲ್ಲ. ಹಡಗು ಹೋಗಿಯೇಬಿಟ್ಟಿದ್ದರೆ ನೇರ ಬಂದರು ಕಚೇರಿಗೆ ಹೋಗಿ. ನಿಮ್ಮ ಕೋಣೆಯಿಂದ ಪಾಸ್‌ಪೋರ್ಟ್ ತೆಗೆದು ಏಜೆಂಟರ ಬಳಿ ಬಿಟ್ಟುಹೋಗುವ ವಾಡಿಕೆ ಹಲವು ಹಡಗುಗಳಲ್ಲಿದೆ. ಆ ರಾತ್ರಿಯ ತಂಗು, ಮುಂದಿನ ಬಂದರಿಗೆ ಹೋಗುವ ಖರ್ಚು ನಿಮ್ಮದೇ. ದೊಡ್ಡ ವಿಮಾನ ನಿಲ್ದಾಣವಾದ ಡಗ್ಲಸ್–ಚಾರ್ಲ್ಸ್ ದ್ವೀಪದ ಈಶಾನ್ಯ ಮೂಲೆಯಲ್ಲಿದೆ, ರೋಸೋದಿಂದ ಗಂಟೆಗೂ ಹೆಚ್ಚಿನ ದಾರಿ. ಗ್ವಾಡೆಲೂಪ್, ಮಾರ್ಟಿನೀಕ್‌ಗೆ ರೋಸೋದಿಂದಲೇ ದೋಣಿ ಸೇವೆ ಇದೆ. ಆದರೆ ಭಾರತೀಯ ಪಾಸ್‌ಪೋರ್ಟ್ ಇರುವವರು ಫ್ರಾನ್ಸಿನ ವೀಸಾ ನಿಯಮ ಕೇಳಿಕೊಳ್ಳದೆ ಆ ಟಿಕೆಟ್ ಕೊಳ್ಳಬಾರದು.